ಬಿಸಿಲಿಗೆ ಕೊರತೆಯಿಲ್ಲ, ನೀರು ನೋಡಿ ಸೋಲಾರ್ ಹಾಕಿಸಿ

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಆರ್‌ಸಿಸಿ ಮನೆ, ಐದು ಜನ ಇದ್ದೇವೆ. 25 ಲೀಟರಿನ, 2 ಕಿಲೋವ್ಯಾಟ್ ಗೀಸರ್ ಇದೆ. ಚಳಿಗಾಲದ ನಾಲ್ಕು ತಿಂಗಳು ಮೀಟರ್ 200 ಯೂನಿಟ್ ದಾಟಿ ಗೃಹಜ್ಯೋತಿ ತಪ್ಪುತ್ತದೆ. ಬೋರಿನ ನೀರು ಸವಳು, ಗೀಸರಿನ ಕಾಯಿಲ್ ಪದೇ ಪದೇ ಸುಡುತ್ತದೆ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಸೋಲಾರ್ ಹಾಕಿಸೋಣವೆಂದರೆ ಟ್ಯೂಬಿನಲ್ಲಿ ಸುಣ್ಣ ಕಟ್ಟುತ್ತದೆ ಎಂದು ಹೆದರಿಸುತ್ತಾರೆ. ಹಾಕಿಸಿದರೆ 200 ಲೀಟರಿನದೇ ಬೇಕು ಎಂದು ಒಬ್ಬರು, ಇನ್‌ಸ್ಟಂಟ್ ಗೀಸರ್ ಸಾಕು ಎಂದು ಇನ್ನೊಬ್ಬರು, ಹೀಟ್ ಪಂಪ್ ತಗೊಳ್ಳಿ ಎಂದು ಮತ್ತೊಬ್ಬರು. ಹಿತ್ತಲ ಬಚ್ಚಲಿನ ತಾಮ್ರದ ಹಂಡೆಯೇ ಛಲೋ ಎನ್ನುವುದು ಅಮ್ಮನ ಮಾತು. ಯಾವುದು ಸರಿ?

ಉತ್ತರ: ನಿಮ್ಮ ಮನೆಗೆ 100 ಲೀಟರಿನ ಗಾಜಿನ ಕೊಳವೆಯ ಸೋಲಾರ್, ಅಂದರೆ ಇಟಿಸಿ, ಸಾಕು. ಈಗಿರುವ ಗೀಸರನ್ನು ಮೋಡದ ದಿನಕ್ಕೆ ಉಳಿಸಿಕೊಳ್ಳಿ. ಮುಖ್ಯವಾಗಿ, ಸೋಲಾರ್‌ಗೆ ಬೋರಿನ ನೀರು ಹೋಗದಂತೆ ಪೈಪ್ ಬೇರೆ ಮಾಡಿಸಿ. ಮಾರುವವರು ಈ ಕೊನೆಯ ಮಾತನ್ನು ಹೇಳುವುದು ಕಡಿಮೆ. ಆದರೆ ನಿಮ್ಮ ಭಾಗದಲ್ಲಿ ಸೋಲಾರ್ ಹಾಳಾಗುವುದು ಹೆಚ್ಚಾಗಿ ನೀರಿನಿಂದಲೇ. ಬಿಸಿಲಂತೂ ಬೇಕಾದಷ್ಟಿದೆ.

ಮೊದಲು ಎಷ್ಟು ಬಿಸಿನೀರು ಬೇಕು ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್-ಗಂಟೆ ಶಕ್ತಿ ಬೇಕು. ಸ್ನಾನದ ನೀರು 40 ಡಿಗ್ರಿ ಇದ್ದರೆ ಹಿತ. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು 20 ಡಿಗ್ರಿ ಎಂದು ಹಿಡಿಯಿರಿ. ಒಬ್ಬರಿಗೆ 20 ಲೀಟರಿನ ಒಂದು ಬಕೆಟ್‌ನಂತೆ ಐದು ಜನಕ್ಕೆ 100 ಲೀಟರ್, 20 ಡಿಗ್ರಿ ಏರಿಕೆ: ಲೆಕ್ಕ 2.3 ಯೂನಿಟ್‌ಗೆ ಬರುತ್ತದೆ. ಸೋಲಾರ್ ಟ್ಯಾಂಕಿನಲ್ಲಿ 60 ಡಿಗ್ರಿಯ 100 ಲೀಟರ್ ಇದ್ದರೆ ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿ 40 ಡಿಗ್ರಿಯ 200 ಲೀಟರ್, ಅಂದರೆ ಹತ್ತು ಬಕೆಟ್, ಮಾಡಿಕೊಳ್ಳಬಹುದು. ರಾತ್ರಿ ಟ್ಯಾಂಕಿನ ಬಿಸಿ ಕೆಲವು ಡಿಗ್ರಿ ಇಳಿದರೂ ಐದು ಸ್ನಾನ, ಒಬ್ಬಿಬ್ಬರ ತಲೆಸ್ನಾನ, ಅಡುಗೆಮನೆಯ ಜಿಡ್ಡು ಪಾತ್ರೆ ಎಲ್ಲಕ್ಕೂ ಸಾಕು. 200 ಲೀಟರಿನದು ಹಾಕಿಸಿದರೆ ನಾಲ್ಕೈದು ಸ್ನಾನಕ್ಕಾಗಿ ದಿನವೂ ಇನ್ನೂರು ಲೀಟರ್ ಕಾಯಿಸಿ ಇಟ್ಟಂತಾಗುತ್ತದೆ. ದುಡ್ಡೂ ಹೆಚ್ಚು, ಒಳಗೆ ಕಟ್ಟುವ ಸುಣ್ಣವೂ ಹೆಚ್ಚು. ಮನೆಯಲ್ಲಿ ಎಲ್ಲರೂ ಶವರ್ ಬಳಸುವವರಾದರೆ ಮಾತ್ರ 150 ಲೀಟರಿನದನ್ನು ಯೋಚಿಸಿ.

ಕರೆಂಟಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ರಾಡ್, ಇನ್‌ಸ್ಟಂಟ್, ಸ್ಟೋರೇಜ್ ಗೀಸರ್ ಮೂರೂ ಎಳೆದ ಕರೆಂಟನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಶಾಖ ಮಾಡುತ್ತವೆ. ಬಕೆಟ್ ನೀರಿಗೆ ಅರ್ಧ ಯೂನಿಟ್ ಬೇಕೆಂದರೆ ಬೇಕೇ, ಯಂತ್ರ ಯಾವುದಾದರೇನು. ಇನ್‌ಸ್ಟಂಟ್‌ನಿಂದ ಉಳಿಯುವುದು ತೊಟ್ಟಿಯಲ್ಲಿ ನಿಂತ ನೀರು ಆರಿ ಹೋಗುವ ನಷ್ಟ ಮಾತ್ರ. ಗೀಸರಿನ ಮೇಲಿನ ನಕ್ಷತ್ರಗಳು ಅಳೆಯುವುದೂ ಈ ನಷ್ಟವನ್ನೇ. ಇನ್ನು 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ 20 ಡಿಗ್ರಿ ಏರಿಸಿ ಕೊಡುವುದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು, ಬಕೆಟ್ ತುಂಬಲು ಒಂಬತ್ತು ನಿಮಿಷ. ಮೂರು ಲೀಟರಿನ ಚಿಕ್ಕ ತೊಟ್ಟಿಯಲ್ಲಿ ಸವಳು ನೀರಿನ ಸುಣ್ಣ ಕಾಯಿಲಿಗೆ ಬೇಗ ಅಂಟುತ್ತದೆ. ನಿಮ್ಮ ನೀರಿಗೆ ಅದು ಬೇಡ.

ಸೋಲಾರ್ ಬರುವವರೆಗೆ ಈಗಿನ ಗೀಸರಲ್ಲೇ ಉಳಿಸಬಹುದಾದದ್ದು ಇದೆ. ಥರ್ಮೋಸ್ಟಾಟನ್ನು 50 ಡಿಗ್ರಿಗೆ ಇಳಿಸಿ. 25 ಲೀಟರ್ ನೀರು 20ರಿಂದ 50 ಡಿಗ್ರಿಗೆ ಬರಲು 26 ನಿಮಿಷ ಸಾಕು. ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸಿ ಸ್ವಿಚ್ ಆರಿಸಿಬಿಡಿ. ನಸುಕಿನಲ್ಲಿ ಹಾಕಿ ಹತ್ತು ಗಂಟೆಯವರೆಗೆ ಬಿಟ್ಟರೆ ಮಧ್ಯೆ ಮಧ್ಯೆ ಅದೇ ನೀರು ಮತ್ತೆ ಮತ್ತೆ ಕಾಯುತ್ತಿರುತ್ತದೆ. 50 ಡಿಗ್ರಿಯಲ್ಲಿ ಸುಣ್ಣ ಕಟ್ಟುವುದೂ ಕಡಿಮೆ, ಕಾಯಿಲ್ ಹೆಚ್ಚು ದಿನ ಬಾಳುತ್ತದೆ.

ನಿಮ್ಮ ಗೃಹಜ್ಯೋತಿಯ ಲೆಕ್ಕ ಹೀಗಿದೆ. ಉಚಿತ ಯೂನಿಟ್ ಎಲ್ಲ ಮನೆಗೂ 200 ಅಲ್ಲ, ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿದೆ. ಅದಕ್ಕಿಂತ ಹೆಚ್ಚಾದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಇಡೀ ಬಿಲ್ ನಿಮ್ಮದೇ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ 201 ಯೂನಿಟ್‌ಗೆ 1,400 ರೂಪಾಯಿ ದಾಟುತ್ತದೆ. ಸ್ನಾನ, ಪಾತ್ರೆ, ತೊಟ್ಟಿಯ ನಷ್ಟ ಸೇರಿ ನಿಮ್ಮ ಗೀಸರ್ ದಿನಕ್ಕೆ ಸುಮಾರು ಮೂರು ಯೂನಿಟ್, ತಿಂಗಳಿಗೆ 80-90 ಯೂನಿಟ್ ತಿನ್ನುತ್ತದೆ. ಅದನ್ನು ತೆಗೆದರೆ ಚಳಿಗಾಲದಲ್ಲೂ ಮೀಟರ್ 200ರ ಕೆಳಗೆ ಉಳಿಯುತ್ತದೆ. ಬರೀ ಯೂನಿಟ್ ದರದಿಂದ ಗುಣಿಸಿ ಸೋಲಾರಿನ ಲಾಭ ತೆಗೆದರೆ ಈ ಅಂಶ ಕಾಣುವುದೇ ಇಲ್ಲ. ನಾಲ್ಕು ತಿಂಗಳಿಗೆ ಐದೂವರೆ ಸಾವಿರಕ್ಕೂ ಹೆಚ್ಚಿನ ಬಿಲ್ಲಿನ ಬಹುಪಾಲು ತಪ್ಪುತ್ತದೆ.

ಈಗ ನೀರಿನ ಮಾತು. ಸವಳು ನೀರು ಕಾಯ್ದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಸುಣ್ಣದ ಕಲ್ಲಾಗಿ ಕೂರುತ್ತದೆ. 60 ಡಿಗ್ರಿ ದಾಟಿದ ಮೇಲಂತೂ ಇದರ ವೇಗ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ, ಅಂದರೆ ನೀರಿನಲ್ಲಿ ಕರಗಿರುವ ಇಂಥ ಸುಣ್ಣದಂಶಕ್ಕೆ, ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಾಗ 600ರವರೆಗೆ. ನಿಮ್ಮ ಬೋರಿನಲ್ಲಿ 500 ಇದೆ ಎಂದುಕೊಳ್ಳಿ. ಅದರ ಐದನೆಯ ಒಂದು ಪಾಲು ಮಾತ್ರ ಒಳಗೆ ಕೂತರೂ ದಿನಕ್ಕೆ 100 ಲೀಟರಿಗೆ 10 ಗ್ರಾಂ, ವರ್ಷಕ್ಕೆ ಮೂರೂವರೆ ಕಿಲೋ ದಾಟುತ್ತದೆ. ಅಷ್ಟು ಕಲ್ಲು ಟ್ಯೂಬು, ಟ್ಯಾಂಕು, ಪೈಪಿನೊಳಗೆ ಪದರ ಪದರವಾಗಿ ಕೂತರೆ ಬಿಸಿಲು ಎಷ್ಟಿದ್ದರೇನು.

ನೀರಿನ ಪರೀಕ್ಷೆಯನ್ನು ಮೊದಲು ಮನೆಯಲ್ಲೇ ಮಾಡಿ. ಎರಡು ಬಾಟಲಿಯಲ್ಲಿ ಸಮನಾಗಿ ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ನಳದ ನೀರು ತುಂಬಿ. ಸಾಬೂನು ಕರಗಿಸಿದ ನೀರನ್ನು ಹನಿ ಹನಿಯಾಗಿ ಹಾಕಿ ಕುಲುಕುತ್ತ ಹೋಗಿ. ನೊರೆ ನಿಲ್ಲಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತು ಎಣಿಸಿ. ಹೆಚ್ಚು ಹನಿ ಬೇಕಾದದ್ದೇ ಹೆಚ್ಚು ಗಡಸು. ಡಿಟರ್ಜಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಅಂಕಿಯೇ ಬೇಕೆಂದರೆ ಜಿಲ್ಲಾ ಮಟ್ಟದ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಒಟ್ಟು ಗಡಸುತನ, ಕ್ಲೋರೈಡ್, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೂರನ್ನೂ ಬರೆಸಿಕೊಂಡು ಬನ್ನಿ. ಕ್ಲೋರೈಡ್ ಏಕೆಂದರೆ ಅದು ಹೆಚ್ಚಿದ್ದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ವೆಲ್ಡಿಂಗ್ ಜೋಡಣೆಯ ಬಳಿ ಸೂಜಿಮೊನೆಯಷ್ಟು ತೂತು ಬಿದ್ದು ಸೋರಲು ಶುರುವಾಗುತ್ತದೆ. ಅಂಥ ನೀರಿಗೆ ಒಳಗೆ ಗಾಜಿನ ಲೇಪ ಇರುವ, ಮೆಗ್ನೀಷಿಯಂ ಆನೋಡ್ ಇರುವ ಟ್ಯಾಂಕ್ ತಗೊಳ್ಳಿ. ಆನೋಡ್ ಎಂದರೆ ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟ ಸರಳು. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅರ್ಧ ಸವೆದಿದ್ದರೆ ಬದಲಿಸಿ.

ವಿಜಯಪುರದ ನಳಕ್ಕೆ ಬರುವುದು ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು, ಭೂತನಾಳ ಕೆರೆಯ ನೀರು. ಬೋರಿಗೆ ಹೋಲಿಸಿದರೆ ಇದು ಮೆದು. ದಿನಕ್ಕೆ 100 ಲೀಟರಿನಂತೆ ಐದು ದಿನಕ್ಕೆ ನಿಮಗೆ ಬೇಕಾದದ್ದು 500 ಲೀಟರ್ ಮಾತ್ರ. ಆದ್ದರಿಂದ ಮಾಳಿಗೆಯ ಮೇಲೆ ಸೋಲಾರ್‌ಗೆಂದೇ 500 ಲೀಟರಿನ ಬೇರೆ ಟ್ಯಾಂಕ್ ಇಡಿಸಿ. ನೆಲದಡಿಯ ಸಂಪ್‌ಗೆ ನಳದ ನೀರು ಮಾತ್ರ ಬೀಳಲಿ, ಬೋರಿನ ಪೈಪು ಸಂಪ್ ಮುಟ್ಟದೆ ನೇರ ದೊಡ್ಡ ಟ್ಯಾಂಕಿಗೆ ಹೋಗಲಿ. ಸಂಪ್ ಮೋಟಾರಿನ ಮೇಲೇರುವ ಪೈಪಿಗೆ ಕವಲೊಡೆಸುವ ಒಂದು ಟೀ ಜೋಡಣೆ, ಎರಡು ವಾಲ್ವ್ ಹಾಕಿಸಿದರೆ ಮೊದಲು ಚಿಕ್ಕ ಟ್ಯಾಂಕ್ ತುಂಬಿ ಆಮೇಲೆ ದೊಡ್ಡದಕ್ಕೆ ತಿರುಗಿಸಬಹುದು. ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಇಡೀ ವ್ಯವಸ್ಥೆಯ ಆಯುಷ್ಯ ನಿಂತಿರುವುದು ಈ ಅರ್ಧ ದಿನದ ಕೆಲಸದ ಮೇಲೆ, ಇದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ತುಂಬಿದ ಟ್ಯಾಂಕ್ ಅರ್ಧ ಟನ್ ತೂಗುತ್ತದೆ. ಅದರ ಸ್ಟ್ಯಾಂಡಿನ ಕಾಲುಗಳು ಕೆಳಗೆ ಬೀಮ್ ಅಥವಾ ಕಂಬ ಇರುವಲ್ಲೇ ಕೂರಬೇಕು.

ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಬೋರು ಬಿಟ್ಟರೆ ಬೇರೆ ನೀರೇ ಇಲ್ಲದವರೂ ಇದ್ದಾರೆ. ಅವರಿಗೂ ಇಟಿಸಿಯೇ ವಾಸಿ. ತಟ್ಟೆಯಂಥ ಫ್ಲ್ಯಾಟ್ ಪ್ಲೇಟ್ ಸೋಲಾರಿನೊಳಗೆ ನೀರು ಅರ್ಧ ಇಂಚಿನ ತಾಮ್ರದ ನಳಿಕೆಗಳಲ್ಲಿ ಓಡುತ್ತದೆ. ಅದು ಒಮ್ಮೆ ಕಟ್ಟಿದರೆ ಬಿಡಿಸುವುದು ಬಹಳ ಕಷ್ಟ. ಇಟಿಸಿಯ ಗಾಜಿನ ಟ್ಯೂಬ್ ಬಾಯಿ ಅಗಲ, ಹೊರ ಅಳತೆ ಸಾಮಾನ್ಯವಾಗಿ 58 ಮಿಲಿಮೀಟರ್. ಬಿಚ್ಚಿ ತೊಳೆಯಬಹುದು. ತೊಳೆಯುವ ಕ್ರಮ ಹೀಗೆ: ನಸುಕಿನಲ್ಲಿ, ಬಿಸಿಲು ಬೀಳುವ ಮೊದಲು, ತಣ್ಣೀರಿನ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತ ಮೇಲಕ್ಕೆ ಸರಿಸಿದರೆ ಬುಡ ಬಿಡಿಸಿಕೊಳ್ಳುತ್ತದೆ, ಆಮೇಲೆ ಕೆಳಕ್ಕೆ ಎಳೆದು ತೆಗೆಯಿರಿ. ಒಳಗಿನ ಹೂಳು ಸುರಿದು ನೆರಳಿನಲ್ಲಿ ಗೋಣಿಚೀಲದ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರ್ ನೀರಿಗೆ 50 ಗ್ರಾಮಿನಂತೆ ಕರಗಿಸಿ ತುಂಬಿ. 1,800 ಮಿಲಿಮೀಟರ್ ಉದ್ದದ ಒಂದು ಟ್ಯೂಬಿಗೆ ಎರಡೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಸುತ್ತದೆ. ಗುಳ್ಳೆ ಏಳುತ್ತಿರುವವರೆಗೆ ಸುಣ್ಣ ಕರಗುತ್ತಿದೆ ಎಂದರ್ಥ. ಕೆಲವು ಗಂಟೆ ಬಿಟ್ಟು, ಉದ್ದ ಹಿಡಿಯ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಕಬ್ಬಿಣದ ಸರಳು ಹಾಕಿ ಕೆರೆಯಬೇಡಿ, ಒಳಗಾಜಿನ ದುಂಡು ತಳಕ್ಕೆ ಪೆಟ್ಟು ಬಿದ್ದರೆ ಟ್ಯೂಬ್ ಹೋಯಿತು. ಬಚ್ಚಲು ತೊಳೆಯುವ ಆ್ಯಸಿಡ್ ಅಂತೂ ಬೇಡವೇ ಬೇಡ, ಸ್ಟೀಲ್ ಟ್ಯಾಂಕಿಗೂ ಗೀಸರಿನ ಕಾಯಿಲಿಗೂ ಅದು ವಿಷ. ಮತ್ತೆ ಕೂರಿಸುವಾಗ ರಬ್ಬರ್ ಬಳೆಗೆ ಸಾಬೂನು ನೀರು ಸವರಿ, ತಿರುಗಿಸುತ್ತ ಒತ್ತಿ.

ಇನ್ನು ಅಳವಡಿಕೆ. ಪಂಪಿನ ಒತ್ತಡವಿಲ್ಲದ ಸಾಮಾನ್ಯ ಸೋಲಾರ್ ಕೆಲಸ ಮಾಡುವುದು ನೀರಿನ ಎತ್ತರದ ಮೇಲೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಕನಿಷ್ಠ ಒಂದು ಅಡಿ ಮೇಲಿರಬೇಕು. ಕೊಳ್ಳುವ ಮೊದಲೇ ಆ ಮಾದರಿಯ ಎತ್ತರ ಕೇಳಿ ಸ್ಟ್ಯಾಂಡ್ ಮಾಡಿಸಿ. ಸೋಲಾರ್ ಟ್ಯಾಂಕಿನ ಮೇಲೆ ಗಾಳಿ ಆಡುವ ಪೈಪ್ ಒಂದು ಇರುತ್ತದೆ. ಅದರ ಬಾಯಿ ತಣ್ಣೀರು ಟ್ಯಾಂಕಿನ ಕಂಠಕ್ಕಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಬಿಸಿನೀರು ಅಲ್ಲಿಂದಲೇ ಹರಿದು ಹೋಗುತ್ತದೆ. ಆ ಬಾಯಿಯನ್ನು ಯಾರೂ ಮುಚ್ಚಬಾರದು. ಕಣಜ ಗೂಡು ಕಟ್ಟಿ ಮುಚ್ಚಿದರೂ ಅಪಾಯವೇ. ಕೆಳಗೆ ನೀರು ಎಳೆದಾಗ ಗಾಳಿ ಸಿಗದೆ ಟ್ಯಾಂಕ್ ಒಳಕ್ಕೆ ನುಗ್ಗಾಗುತ್ತದೆ. ತಣ್ಣೀರು ಒಳಬರುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಇಲ್ಲವಾದರೆ ಮೇಲಿನ ಟ್ಯಾಂಕ್ ಖಾಲಿಯಾದ ದಿನ ಬಿಸಿನೀರು ಹಿಂದಕ್ಕೆ ಜಗ್ಗಿ ಟ್ಯೂಬುಗಳು ಬಿಸಿಲಿನಲ್ಲಿ ಒಣಗುತ್ತವೆ.

ಬಿಸಿನೀರಿಗೆ ಸಾಧಾರಣ ಪಿವಿಸಿ ಪೈಪ್ ಬೇಡ, ಮೆತ್ತಗಾಗಿ ಜೋತುಬೀಳುತ್ತದೆ. 93 ಡಿಗ್ರಿ ತಾಳುವ ಸಿಪಿವಿಸಿ ಹಾಕಿಸಿ. ಮಾಳಿಗೆಯಿಂದ ಬಚ್ಚಲಿಗೆ 12 ಮೀಟರ್ ಎಂದರೆ ಮುಕ್ಕಾಲು ಇಂಚಿನ ಪೈಪಿನಲ್ಲಿ ಸುಮಾರು ಮೂರು ಲೀಟರ್ ನೀರು ತಣ್ಣಗೆ ನಿಂತಿರುತ್ತದೆ. ಅದನ್ನು ಚೆಲ್ಲಬೇಡಿ. ಹೇಗೂ ಬೆರೆಸಲು ತಣ್ಣೀರು ಬೇಕೇ ಬೇಕು, ಬಿಸಿನೀರಿನ ನಳವನ್ನೇ ಮೊದಲು ಬಕೆಟಿಗೆ ಬಿಡಿ. ಬಿಸಿಲಿಗೆ ತೆರೆದ ಪೈಪಿಗೆ ಕಪ್ಪು ಫೋಮ್ ಸುತ್ತಿ ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ. ಬರೀ ಫೋಮ್ ನಮ್ಮ ಬೇಸಿಗೆಯಲ್ಲಿ ಬೇಗ ಪುಡಿಯಾಗುತ್ತದೆ. ಮನೆಗೆ ಪ್ರೆಶರ್ ಪಂಪ್ ಇದ್ದು ತಣ್ಣೀರು ಒತ್ತಡದಲ್ಲಿ, ಬಿಸಿನೀರು ಬರೀ ಎತ್ತರದಿಂದ ಬಂದರೆ ಮಿಕ್ಸರ್ ನಳದಲ್ಲಿ ಬಿಸಿನೀರು ಹಿಂದಕ್ಕೆ ತಳ್ಳಲ್ಪಡುತ್ತದೆ. ಸೋಲಾರ್ ಕೆಟ್ಟಿದೆ ಎಂಬ ದೂರುಗಳಲ್ಲಿ ಎಷ್ಟೋ ಇಂಥವೇ. ಬಚ್ಚಲಿನಲ್ಲಿ ಎರಡು ಬೇರೆ ಬೇರೆ ನಳ ಇಟ್ಟರೆ ಈ ತಕರಾರೇ ಇಲ್ಲ.

ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಲಿ. ವಿಜಯಪುರ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬಿಸಿನೀರು ಬೇಕಾಗುವುದು ಚಳಿಗಾಲಕ್ಕಾದ್ದರಿಂದ ಅದಕ್ಕೆ ಹತ್ತು ಕೂಡಿಸಿ 27 ಡಿಗ್ರಿಯ ಆಸುಪಾಸು ಓರೆ ಇದ್ದರೆ ಒಳ್ಳೆಯದು. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ 50 ಡಿಗ್ರಿಯಷ್ಟೇ ಏರುತ್ತಾನೆ, ಬೆಳಿಗ್ಗೆ ಇನ್ನೂ ಕೆಳಗೆ. ದಕ್ಷಿಣದ ಗೋಡೆ, ಪಕ್ಕದ ಮನೆಯ ಟ್ಯಾಂಕು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಟ್ಟು ನಿಲ್ಲಿಸಿ. ಮೇ ತಿಂಗಳಲ್ಲಿ ಜಾಗ ನೋಡಿ ಹಾಕಿಸಿ ಡಿಸೆಂಬರಿನಲ್ಲಿ ನೆರಳು ಬಿದ್ದು ಪೇಚಾಡುವವರು ಬಹಳ. ನಿಮ್ಮದು ಆರ್‌ಸಿಸಿ, ತೊಂದರೆಯಿಲ್ಲ. ಹಳೆಯ ಮೇಲ್ಮುದ್ದೆ ಮನೆಯವರು ಮಣ್ಣಿನ ಮಾಳಿಗೆಯ ಮೇಲೆ ಇದನ್ನು ಇಡಬಾರದು. ಹಿತ್ತಲಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಇಡಬಹುದು, ಆದರೆ ಅಲ್ಲೂ ತಣ್ಣೀರು ಟ್ಯಾಂಕ್ ಅದಕ್ಕಿಂತ ಮೇಲಿರಬೇಕು.

ಏಪ್ರಿಲ್-ಮೇ ಬಂದರೆ ಬೇರೆ ಸಮಸ್ಯೆ. ಬಿಸಿನೀರು ಯಾರಿಗೂ ಬೇಡ, ಟ್ಯಾಂಕು ಮಾತ್ರ ದಿನದಿನಕ್ಕೆ ಕುದಿಯಲು ಹತ್ತುತ್ತದೆ. ಆಗಲೇ ಸುಣ್ಣ ಹೆಚ್ಚು ಕೂರುವುದು, ರಬ್ಬರ್ ಬಳೆಗಳು ಬಿರಿಯುವುದು. ಅರ್ಧದಷ್ಟು ಟ್ಯೂಬಿಗೆ ತಾಡಪತ್ರಿ ಹೊದಿಸಿ ಕಟ್ಟಿ. ಮನೆಯಲ್ಲಿ ಮಕ್ಕಳಿದ್ದರೆ ಈ ದಿನಗಳಲ್ಲಿ ಬಿಸಿನೀರಿನ ನಳದ ಬಗ್ಗೆ ಬಹಳ ಎಚ್ಚರ ಬೇಕು, 70 ಡಿಗ್ರಿಯ ನೀರು ಕ್ಷಣದಲ್ಲಿ ಚರ್ಮ ಸುಡುತ್ತದೆ.

ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಹಾಕಿಸಿಕೊಳ್ಳಬೇಡಿ. ರಾತ್ರಿ ಯಾರೋ ಸ್ವಿಚ್ ಹಾಕಿ ಮರೆತರೆ ನೂರು ಲೀಟರೂ ಕಾಯ್ದು ನಾಲ್ಕು ಯೂನಿಟ್ ಹೋಗುತ್ತದೆ, ಮರುದಿನದ ಬಿಸಿಲಿಗೆ ಕಾಯಿಸಲು ತಣ್ಣೀರೇ ಉಳಿದಿರುವುದಿಲ್ಲ. ನಿಮ್ಮ ಗೀಸರನ್ನೇ ಸಾಲಿನಲ್ಲಿ ಸೇರಿಸಿ. ಸೋಲಾರಿನಿಂದ ಇಳಿಯುವ ಪೈಪನ್ನು ಕವಲೊಡೆಸಿ ಒಂದನ್ನು ನೇರ ಬಚ್ಚಲಿಗೆ, ಇನ್ನೊಂದನ್ನು ಗೀಸರಿನ ಒಳಬದಿಗೆ ಕೊಟ್ಟು, ಎರಡಕ್ಕೂ ಒಂದೊಂದು ವಾಲ್ವ್. ಬಿಸಿಲಿದ್ದಾಗ ನೇರದ್ದು ತೆರೆದಿರಲಿ. ಮೋಡವಿದ್ದರೆ ಗೀಸರಿನ ಕಡೆಯದು. 32 ಡಿಗ್ರಿಗೆ ಬಂದ ನೀರನ್ನು ಗೀಸರ್ ಎಂಟು ಡಿಗ್ರಿ ಮಾತ್ರ ಏರಿಸಿದರೆ ಸಾಕು. ಗೀಸರಿನಿಂದ ಹೊರಬರುವ ಬದಿಗೆ ಮಾತ್ರ ವಾಲ್ವ್ ಹಾಕಿಸಬೇಡಿ. ಎರಡೂ ಕಡೆ ಮುಚ್ಚಿ ಸ್ವಿಚ್ ಹಾಕಿದರೆ ಒಳಗೆ ಒತ್ತಡ ಏರಿ ಅನಾಹುತವಾಗಬಹುದು.

ಹೀಟ್ ಪಂಪ್ ನಿಜಕ್ಕೂ ಒಳ್ಳೆಯ ಯಂತ್ರ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುವುದರಿಂದ ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು ಶಾಖ ಸಿಗುತ್ತದೆ, ನಮ್ಮ ಬೆಚ್ಚನೆಯ ಹವೆಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಬೆಲೆ ಸೋಲಾರಿನ ಎರಡು ಮೂರು ಪಟ್ಟು. ಮಾಳಿಗೆಯ ಮೇಲೆ ಹಕ್ಕಿಲ್ಲದ ಅಪಾರ್ಟ್‌ಮೆಂಟಿನವರಿಗೆ ಅದು ಸರಿ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಎಂದೂ ಹಾಕಬೇಡಿ. ಗಾಳಿಯಾಡದ ಕೋಣೆಯಲ್ಲಿ ಉರಿ ಪೂರ್ತಿಯಾಗದೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಸತ್ತ ಘಟನೆಗಳು ಮತ್ತೆ ಮತ್ತೆ ನಡೆದಿವೆ. ಕಿಟಕಿ ಇದೆ ಎಂಬ ಸಮಾಧಾನ ಸಾಲದು, ಅದು ಗೋಡೆಯ ಹೊರಗೇ ಇರಬೇಕು. ಇನ್ನೊಂದು ಮಾತು: ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ಕರೆಂಟ್ ತಯಾರಿಸುವ ಫಲಕಗಳಿಗೆ ಮಾತ್ರ. ನೀರು ಕಾಯಿಸುವ ಸೋಲಾರ್‌ಗೆ ಅದು ಸಿಗುತ್ತದೆ ಎಂದು ಹೇಳಿ ಮುಂಗಡ ಕೇಳಿದರೆ ಕೊಡಬೇಡಿ.

ಅಮ್ಮನ ಹಂಡೆಯನ್ನು ಕಿತ್ತು ಹಾಕಬೇಕಿಲ್ಲ. ಹೊಲದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಪುಕ್ಕಟೆ ಬರುವಾಗ ಮಳೆಗಾಲದ ನಾಲ್ಕು ದಿನಕ್ಕೆ ಅದಕ್ಕಿಂತ ಸುಲಭದ ಬದಲಿ ಇಲ್ಲ. ದೋಷ ಇರುವುದು ಒಲೆಯಲ್ಲಿ. ತೆರೆದ ಒಲೆಯ ಉರಿಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟೇ ನೀರಿಗೆ ಸೇರುತ್ತದೆ, ಉಳಿದದ್ದು ಹೊಗೆಯ ಜೊತೆ ಅಮ್ಮನ ಕಣ್ಣಿಗೆ, ಎದೆಗೆ. ಹಂಡೆಯ ಅರ್ಧ ಮೈ ಒಲೆಯೊಳಗೆ ಕೂರುವಂತೆ ಕಟ್ಟಿಸಿ, ಉರಿ ಹಂಡೆಯನ್ನು ಸುತ್ತಿ ಹಿಂದಿನ ಕೊಳವೆಯಿಂದ ಮಾಳಿಗೆಯ ಮೇಲಕ್ಕೆ ಹೋಗುವಂತೆ ಮಾಡಿಸಿ, ಹಂಡೆಗೆ ಮುಚ್ಚಳ ಇಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ತತ್ವವೂ ಇದೇ: ಉರಿಯನ್ನು ಮುಚ್ಚಿ ಕಟ್ಟುವುದು, ಹೊಗೆಗೆ ದಾರಿ ಕೊಡುವುದು.

ಬೇರೆ ಊರಿನವರೂ ಇದನ್ನು ಓದುವುದರಿಂದ ಎರಡು ಮಾತು. ಬೆಳಗಾವಿ ನಗರಕ್ಕೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು, ಸುಣ್ಣದ ಕಾಟ ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡದು, ಅಲ್ಲಿ ಗೀಸರಿನ ಕವಲು ಐಚ್ಛಿಕವಲ್ಲ, ಮೊದಲ ದಿನವೇ ಬೇಕು. ಬಾದಾಮಿಯ ಕಡೆ ಮಂಗಗಳ ಹಾವಳಿ. ನೀರು ಮೆದುವಾಗಿದ್ದರೆ ಗಟ್ಟಿ ಗಾಜಿನ ಫ್ಲ್ಯಾಟ್ ಪ್ಲೇಟ್ ಹಾಕಿಸಿ, ಇಟಿಸಿಯೇ ಬೇಕಾದರೆ ಮೇಲೆ ಅಗಲ ಕಣ್ಣಿನ ತಂತಿಬಲೆ ಕಟ್ಟಿಸಿ.

ಸಾಮಾನು ಮನೆಗೆ ಬಂದ ದಿನ ಪ್ರತಿ ಟ್ಯೂಬಿನ ಮುಚ್ಚಿದ ತುದಿ ನೋಡಿ. ಅಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಇರಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜಿನ ಎರಡು ಪದರದ ನಡುವಿನ ನಿರ್ವಾತ ಹೋಗಿದೆ, ಅಂಥ ಟ್ಯೂಬ್ ವಾಪಸ್ ಕಳಿಸಿ. ಮುಂದೆ ವರ್ಷಗಳಾದ ಮೇಲೂ ಇದೇ ಪರೀಕ್ಷೆ. ಮಧ್ಯಾಹ್ನ ಟ್ಯೂಬುಗಳ ಹೊರಮೈ ಮುಟ್ಟಿ ನೋಡಿ, ಉಳಿದವಕ್ಕಿಂತ ಯಾವುದು ಬಿಸಿಯಾಗಿದೆಯೋ ಅದೇ ಕೆಟ್ಟದ್ದು, ಅದೊಂದನ್ನೇ ಬದಲಿಸಬಹುದು. ಮೊದಲ ಸಲ ನೀರು ತುಂಬುವುದು ಸಂಜೆ ಹೊತ್ತು ಮುಳುಗಿ ಒಂದೆರಡು ತಾಸು ಕಳೆದ ಮೇಲೆ, ಇಲ್ಲವೇ ಸೂರ್ಯ ಹುಟ್ಟುವ ಮೊದಲು. ಬಿಸಿಲಿಗೆ ಒಣಗಿ ನಿಂತ ಟ್ಯೂಬಿನ ಒಳಗಾಜು 200 ಡಿಗ್ರಿ ದಾಟಿರುತ್ತದೆ, ಆಗ ತಣ್ಣೀರು ಬಿಟ್ಟರೆ ಪಟಪಟ ಒಡೆಯುತ್ತವೆ. ಹಾಕಲು ಬಂದವರು ಮಧ್ಯಾಹ್ನವೇ ತುಂಬಿಸಿ ಹೋಗುವ ಅವಸರ ಮಾಡಿದರೆ ಒಪ್ಪಬೇಡಿ, ವಾಲ್ವ್ ಯಾವುದೆಂದು ಕೇಳಿಟ್ಟುಕೊಂಡು ರಾತ್ರಿ ನೀವೇ ತೆರೆಯಿರಿ.